ಎಳೆಯ ಮೇಪಲ್ ಬಾನ್ಸಾಯ್: ಮಾಡಬೇಕಾದ್ದು, ಮಾಡಬಾರದ್ದು

ಜಪಾನೀಸ್ ಮೇಪಲ್‌ನ ಎಳೆಯ ಬಾನ್ಸಾಯ್ ಈಗಷ್ಟೇ ಮನೆಗೆ ತಂದವರಿಗೆ ಈ ಸೂಚನೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ನಂತೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಕಡೆ ನೆಲೆಸಿದ ಕನ್ನಡಿಗರಿಗಾಗಿ ಬರೆದದ್ದು. ಬೆಂಗಳೂರು, ಮೈಸೂರಿನಲ್ಲಿರುವವರು ‘ಊರಿಗೆ ಒಯ್ಯುವುದು’ ಎಂಬ ಭಾಗವನ್ನು ಮೊದಲು ಓದಿ. ಆಮೇಲೆ ದುಡ್ಡು ಬಿಚ್ಚಿ.

ಹೊಸಬರ ಕೈಯಲ್ಲಿ ಈ ಗಿಡ ಹೆಚ್ಚಾಗಿ ಮೂರು ಕಾರಣಕ್ಕೆ ಸಾಯುತ್ತದೆ. ಮನೆಯೊಳಗೆ ಇಟ್ಟದ್ದಕ್ಕೆ. ಜುಲೈ ತಿಂಗಳ ಒಂದು ದಿನ ನೀರು ತಪ್ಪಿದ್ದಕ್ಕೆ. ಜನವರಿಯಲ್ಲಿ ಬೇರು ಗಟ್ಟಿಯಾಗಿ ಹೆಪ್ಪುಗಟ್ಟಿದ್ದಕ್ಕೆ. ಬೇರು ಸತ್ತ ಮೇಲೆ ಯಾವ ಗೊಬ್ಬರವೂ, ಯಾವ ಔಷಧಿಯೂ ಅದನ್ನು ಬದುಕಿಸುವುದಿಲ್ಲ.

ಮಾಡಬೇಕಾದ್ದು

ತಂದ ದಿನವೇ

ಗಿಡವನ್ನು ಹೊರಗಿಡಿ.

ಕುಂಡ ಎತ್ತಿ ತಳದಲ್ಲಿ ತೂತು ಇದೆಯೇ ನೋಡಿ.

ತೂತು ಇಲ್ಲದಿದ್ದರೆ ಬೇರು ಕದಲಿಸದೆ, ಮಣ್ಣಿನ ಗಡ್ಡೆ ಸಮೇತ ತೂತಿರುವ ಕುಂಡಕ್ಕೆ ಇಳಿಸಿ.

ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ ಬೆಣಚುಕಲ್ಲು ಇದ್ದರೆ ಎಲ್ಲವನ್ನೂ ಕಿತ್ತು ತೆಗೆಯಿರಿ. ಆ ಪದರದ ಮೇಲೆ ನೀರು ಜಾರಿ ಹೋಗುತ್ತದೆ, ಬೇರಿಗೆ ಇಳಿಯುವುದಿಲ್ಲ.

ಗಿಡ ಕುಂಡದಲ್ಲಿ ಅಲ್ಲಾಡುತ್ತಿದ್ದರೆ ತಂತಿಯಿಂದ ಕುಂಡಕ್ಕೆ ಬಿಗಿಯಿರಿ. ಅಲ್ಲಾಡುವ ಗಿಡದ ಎಳೆಬೇರು ದಿನವೂ ಹರಿಯುತ್ತದೆ.

ಚಳಿಗಾಲದ ನಡುವೆ ಎಲೆ ಬಿಟ್ಟ ಗಿಡ ಕೊಂಡಿದ್ದರೆ ಮಾತ್ರ, ಕೊನೆಯ ಹಿಮ ಕಳೆಯುವವರೆಗೆ ತಂಪಾದ, ಬೆಳಕಿರುವ, ಹೀಟರ್ ಇಲ್ಲದ ಜಾಗದಲ್ಲಿ ಇಡಿ.

ಜಾಗ

ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬೀಳುವ ಕಡೆ ಇಡಿ. ಪೂರ್ವಕ್ಕೆ ಮುಖ ಮಾಡಿದ ಡೆಕ್ ಇದ್ದರೆ ಅದೇ ಸರಿ.

ಮಧ್ಯಾಹ್ನದ ಬಿಸಿಲಿಗೆ ಮರೆ ಮಾಡಿ.

ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟುವ ದಿನ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 90, ಪೂರ್ತಿ ನೆರಳಿಗೆ ಸರಿಸಿ.

ಬೀಸುಗಾಳಿಯ ದಾರಿಯಿಂದ ತಪ್ಪಿಸಿ. ಮೇಪಲ್‌ನ ಎಲೆ ತೆಳು. ಒಣಗಾಳಿಗೆ ಅಂಚು ಕಂದಾಗಿ ಹಪ್ಪಳದಂತೆ ಮುರಿಯುತ್ತದೆ.

ಎರಡು ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ.

ನೀರು

ದಿನವೂ ಮಣ್ಣು ಮುಟ್ಟಿ ನೋಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಮುಟ್ಟಿ ತಿಳಿಯದಿದ್ದರೆ, ಮರದ ಚಾಪ್‌ಸ್ಟಿಕ್ ಒಂದನ್ನು ಕುಂಡದ ಅಂಚಿನಲ್ಲಿ ಎರಡು ಅಂಗುಲ ಚುಚ್ಚಿಡಿ. ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ಕಡ್ಡಿ ಒದ್ದೆಯಾಗಿ ಬಣ್ಣ ಕಪ್ಪಾಗಿದ್ದರೆ ನೀರು ಬೇಕಿಲ್ಲ. ತುದಿ ಮಾತ್ರ ತೇವ ಇದ್ದರೆ ಹಾಕಿ. ಪೂರ್ತಿ ಒಣಗಿದ್ದರೆ ತಡವಾಗಿದೆ, ತಕ್ಷಣ ಹಾಕಿ.

ಕುಂಡದಲ್ಲಿ ಅಕಡಾಮಾ ಇದ್ದರೆ ಕಣ್ಣಲ್ಲೇ ತಿಳಿಯಬಹುದು. ಜಪಾನಿನ ಈ ಜೇಡಿಹರಳು ಒದ್ದೆಯಿದ್ದಾಗ ಬೆಲ್ಲದ ಬಣ್ಣ, ಒಣಗಿದಾಗ ಮಾಸಲು ಹಳದಿ. ಮೇಲಿನ ಪದರ ಹಳದಿಗೆ ತಿರುಗಲು ಶುರುವಾದಾಗ ನೀರು ಹಾಕಿ.

ಸಣ್ಣ ತೂತುಗಳ ಝಾರಿಯಿಂದ ನಿಧಾನವಾಗಿ ಹಾಕಿ.

ತಳದ ತೂತಿನಿಂದ ನೀರು ಸುರಿಯುವವರೆಗೆ ಹಾಕಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಮೊದಲ ಸುತ್ತು ಮಣ್ಣನ್ನು ತೇವ ಮಾಡುತ್ತದೆ, ಎರಡನೆಯದು ಒಳಗೆ ಇಳಿಯುತ್ತದೆ.

ಮಳೆನೀರು ಸಿಕ್ಕರೆ ಹಿಡಿದಿಟ್ಟು ಅದನ್ನೇ ಹಾಕಿ.

ನಲ್ಲಿ ನೀರು ಗಡಸಾಗಿದ್ದು ಎಲೆ ಹಳದಿಗೆ ತಿರುಗಿ, ನರ ಮಾತ್ರ ಹಸಿರಾಗಿ ಉಳಿದರೆ ನೀರು ಬದಲಿಸಿ.

ಊರಿಗೆ ಹೊರಡುವ ಮುನ್ನ

ಮಕ್ಕಳ ಬೇಸಿಗೆ ರಜೆಗೆ ಐದಾರು ವಾರ ಊರಿಗೆ ಹೋಗುವುದಿದ್ದರೆ ಟಿಕೆಟ್ ಕೊಂಡ ದಿನವೇ ಗಿಡಕ್ಕೆ ಒಬ್ಬರನ್ನು ಗೊತ್ತುಮಾಡಿ.

ಅವರನ್ನು ಮನೆಗೆ ಕರೆಸಿ, ನಿಮ್ಮ ಎದುರಲ್ಲೇ ಎರಡು ಸಲ ಅವರ ಕೈಯಿಂದ ನೀರು ಹಾಕಿಸಿ.

ಗಿಡವನ್ನು ಅವರ ಮನೆಯ ಹೊರಗೆ, ಅವರು ದಿನವೂ ಓಡಾಡುವ ದಾರಿಯಲ್ಲಿ ಇರಿಸಿ.

ಡಿಸೆಂಬರಿನಲ್ಲಿ ಹೋಗುವುದಾದರೆ ವಾರಕ್ಕೊಮ್ಮೆ ಯಾರಾದರೂ ಮಣ್ಣು ಮುಟ್ಟಿ ನೋಡುವಂತೆ ಮಾಡಿ.

ಚಳಿಗಾಲ

ಎಲೆ ಕೆಂಪಾಗಲು ಬಿಡಿ. ಉದುರಲು ಬಿಡಿ. ಅದು ಸಾವಲ್ಲ, ನಿದ್ದೆ.

ಉದುರಿದ ಎಲೆಗಳನ್ನು ಕುಂಡದಿಂದ ಆರಿಸಿ ತೆಗೆಯಿರಿ. ಹುಳದ ಮೊಟ್ಟೆ, ಬೂಷ್ಟು ಅಲ್ಲೇ ಚಳಿಗಾಲ ಕಳೆಯುತ್ತವೆ.

ಮೊದಮೊದಲ ಹಿಮದ ರಾತ್ರಿಗಳನ್ನು ಗಿಡ ಹೊರಗೇ ಕಳೆಯಲಿ.

ರಾತ್ರಿಯ ಉಷ್ಣಾಂಶ ಮೈನಸ್ 4 ಡಿಗ್ರಿಗಿಂತ, ಅಂದರೆ 25 ಫ್ಯಾರನ್‌ಹೀಟ್‌ಗಿಂತ, ಕೆಳಗೇ ನಿಂತಾಗ ಹೀಟರ್ ಇಲ್ಲದ ಗರಾಜಿಗೋ ಶೆಡ್ಡಿಗೋ ಒಯ್ಯಿರಿ.

ಗರಾಜು ಇಲ್ಲದಿದ್ದರೆ ಮನೆಯ ಉತ್ತರ ಅಥವಾ ಪೂರ್ವದ ಗೋಡೆಯ ಬುಡದಲ್ಲಿ ಗುಂಡಿ ತೋಡಿ, ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂತು, ಮೇಲೆ ಮರದ ತೊಗಟೆಯ ಚೂರನ್ನು ಒಂದು ಗೇಣು ಹೊದಿಸಿ. ನೆಲಕ್ಕೆ ತನ್ನದೇ ಬಿಸಿ ಇದೆ. ಗಾಳಿಯಲ್ಲಿ ನಿಂತ ಕುಂಡಕ್ಕೆ ಇಲ್ಲ. ನೆಲದಲ್ಲಿ ಬೆಳೆದ ಮೇಪಲ್ ತಡೆದುಕೊಳ್ಳುವ ಚಳಿಯನ್ನು ಕುಂಡದ ಮೇಪಲ್ ತಡೆಯಲಾರದು. ರೆಂಬೆಗಿಂತ ಬೇರು ಬೇಗ ಸಾಯುತ್ತದೆ.

ಕುಂಡದ ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಮೈನಸ್ 4ರಿಂದ 5 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಂತೆ ನೋಡಿಕೊಳ್ಳಿ.

ವಾರಕ್ಕೊಮ್ಮೆ ಮಣ್ಣು ನೋಡಿ, ಒಣಗುತ್ತಿದ್ದರೆ ಸ್ವಲ್ಪ ನೀರು ಹಾಕಿ. ಎಲೆ ಇಲ್ಲದ ಗಿಡಕ್ಕೂ ಬೇರು ಇದೆ.

ಗರಾಜಿನಲ್ಲಿ ಕುಂಡವನ್ನು ನೆಲದಿಂದ ಎತ್ತರಿಸಿ ಇಡಿ. ಕಾರಿನಿಂದ ಕರಗಿ ಇಳಿಯುವ ಹಿಮದಲ್ಲಿ ರಸ್ತೆಯ ಉಪ್ಪಿರುತ್ತದೆ.

ಹೊರಗೆ ಹೂತ ಗಿಡದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ. ಇಲಿ, ಮೊಲ ತೊಗಟೆಯನ್ನು ಸುತ್ತಲೂ ಕಡಿದರೆ ಮೇಲಿನ ಗಿಡ ಅಲ್ಲಿಗೆ ಮುಗಿಯಿತು.

ಮಾರ್ಚಿನಲ್ಲಿ ಮೊಗ್ಗು ಉಬ್ಬಿದ ಕೂಡಲೇ ಬೆಳಕಿಗೆ ತನ್ನಿ.

ಚಿಗುರು ಒಡೆದ ಮೇಲೆ ರಾತ್ರಿ ಸೊನ್ನೆ ಡಿಗ್ರಿ ಮುಟ್ಟುವ ಸುದ್ದಿ ಬಂದರೆ ಸಂಜೆಯೇ ಗರಾಜಿಗೆ ಸೇರಿಸಿ, ಬೆಳಿಗ್ಗೆ ಹೊರಗೆ ತನ್ನಿ. ಏಪ್ರಿಲ್ ಪೂರ್ತಿ ಈ ಓಡಾಟ ಇರುತ್ತದೆ.

ಮಣ್ಣು, ಕುಂಡ

ಅಕಡಾಮಾ, ಪ್ಯೂಮಿಸ್, ಲಾವಾ ಕಲ್ಲಿನ ಹರಳನ್ನು ಸಮಪಾಲು ಬೆರೆಸಿ. ಹರಳು 3ರಿಂದ 6 ಮಿಲಿಮೀಟರ್ ಇರಲಿ.

ಬೆರೆಸುವ ಮುನ್ನ ಜರಡಿ ಹಿಡಿದು ಪುಡಿಯನ್ನು ಎಸೆಯಿರಿ.

ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸಿ. ಮೊಗ್ಗು ಉಬ್ಬಿ ಇನ್ನೂ ಒಡೆಯದ ದಿನಗಳಲ್ಲೇ ಮಾಡಿ.

ಕೆಳಮುಖವಾಗಿ ಇಳಿದ ದಪ್ಪ ಬೇರನ್ನು ಕತ್ತರಿಸಿ, ಸುತ್ತ ಹರಡಿದ ಸಣ್ಣ ಬೇರನ್ನು ಉಳಿಸಿ.

ಮುಗಿದ ಮೇಲೆ ಮೂರು ನಾಲ್ಕು ವಾರ ಗಾಳಿಗೂ ಹಿಮಕ್ಕೂ ಮರೆಯಲ್ಲಿ ಇಡಿ.

ಕತ್ತರಿ, ತಂತಿ

ಕತ್ತರಿಯನ್ನು ಪ್ರತಿ ಗಿಡಕ್ಕೂ ಮುಂಚೆ 70 ಶೇಕಡ ಆಲ್ಕೊಹಾಲ್‌ನಲ್ಲಿ ಒರೆಸಿ.

ಕಾಂಡ ದಪ್ಪವಾಗಬೇಕಿದ್ದರೆ ಹೊಸ ರೆಂಬೆ ಐದಾರು ಜೊತೆ ಎಲೆ ಬಿಡುವವರೆಗೆ ಬೆಳೆಯಲು ಬಿಡಿ, ಆಮೇಲೆ ಮೊದಲ ಒಂದೆರಡು ಜೊತೆ ಉಳಿಸಿ ಕತ್ತರಿಸಿ. ಮೇಪಲ್‌ನ ಎಲೆ ಎದುರುಬದುರಾಗಿ ಜೊತೆಯಲ್ಲಿ ಬರುತ್ತದೆ. ಕತ್ತರಿಸಿದ ಕಡೆ ಎರಡು ಹೊಸ ರೆಂಬೆ ಆ ಜೊತೆಯ ದಿಕ್ಕಿನಲ್ಲೇ ಹೊರಡುತ್ತವೆ. ಹಾಗಾಗಿ ಕತ್ತರಿಸುವ ಮೊದಲು ಆ ಎರಡು ಎಲೆ ಯಾವ ಕಡೆ ನೋಡುತ್ತಿವೆ ಎಂದು ನೋಡಿ.

ದಪ್ಪ ಕೊಂಬೆ ತೆಗೆಯುವುದಿದ್ದರೆ ಎಲೆ ಬಲಿತ ಮೇಲೆ, ಜೂನ್ ಹೊತ್ತಿಗೆ ತೆಗೆಯಿರಿ. ಗಾಯಕ್ಕೆ ಕೂಡಲೇ ಗಾಯ ಮುಚ್ಚುವ ಪೇಸ್ಟ್ ಹಚ್ಚಿ.

ಅಲ್ಯೂಮಿನಿಯಂ ತಂತಿಯನ್ನೇ ಬಳಸಿ. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೇ ಒಂದು ಭಾಗ ಇರಲಿ.

ತಂತಿ ಸುತ್ತಿದ ಮೇಲೆ ವಾರವಾರವೂ ಕೆಳಗೆ ಬಗ್ಗಿ ನೋಡಿ. ತೊಗಟೆಗೆ ಒತ್ತಲು ಶುರುವಾದ ದಿನವೇ ತೆಗೆಯಿರಿ.

ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ಬಿಡಿಸಿ.

ಗೊಬ್ಬರ

ಮೊದಲ ಎಲೆ ಬಲಿತು ಗಟ್ಟಿಯಾದ ಮೇಲೆ, ಮೇ ತಿಂಗಳ ಕೊನೆಗೆ, ಗೊಬ್ಬರ ಶುರುಮಾಡಿ.

ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣವನ್ನು ಎರಡು ವಾರಕ್ಕೊಮ್ಮೆ ಹಾಕಿ.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನಿಲ್ಲಿಸಿ.

ಹುಳ, ರೋಗ

ಎಲೆಯ ಹಿಂಭಾಗ ವಾರಕ್ಕೊಮ್ಮೆ ತಿರುವಿ ನೋಡಿ.

ಹೇನು ಕಂಡರೆ ಪೈಪಿನ ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ. ಮತ್ತೆ ಬಂದರೆ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ, ಸಂಜೆ ಸಿಂಪಡಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ ಜಪಾನೀಸ್ ಬೀಟಲ್‌ಗೆ ಕಾದಿರಿ. ಹಸಿರು ತಲೆ, ತಾಮ್ರದ ಬೆನ್ನಿನ ಈ ದುಂಬಿ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದೇ 1916ರಲ್ಲಿ, ನ್ಯೂಜೆರ್ಸಿಯ ರಿವರ್ಟನ್‌ನಲ್ಲಿ. ಜಪಾನೀಸ್ ಮೇಪಲ್ ಅದಕ್ಕೆ ಬಲು ಇಷ್ಟ. ಬೆಳಿಗ್ಗೆ ಅದು ಮಂಕಾಗಿ ಕೂತಿರುವಾಗ ಸೋಪಿನ ನೀರಿನ ಡಬ್ಬಿಗೆ ಉದುರಿಸಿ.

ಒಂದೇ ಕೊಂಬೆ ಇದ್ದಕ್ಕಿದ್ದಂತೆ ಸೊರಗಿದರೆ ಅದನ್ನು ಕತ್ತರಿಸಿ ಒಳಗಿನ ಮರ ನೋಡಿ. ಬೂದು ಹಸಿರು ಅಥವಾ ಕಪ್ಪು ಗೆರೆ ಇದ್ದರೆ ಅದು ಬಹುಪಾಲು ವರ್ಟಿಸಿಲಿಯಂ ಸೊರಗು ರೋಗ. ಇದಕ್ಕೆ ಮದ್ದಿಲ್ಲ. ಗಿಡ, ಮಣ್ಣು ಎರಡನ್ನೂ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ. ಕತ್ತರಿ, ಕುಂಡ ಎರಡನ್ನೂ ಉಜ್ಜಿ ತೊಳೆದು ಆಲ್ಕೊಹಾಲ್‌ನಲ್ಲಿ ಒರೆಸಿ.

ಮಾಡಬಾರದ್ದು

ಮನೆಯೊಳಗೆ ಇಡುವುದು

ಮನೆಯೊಳಗೆ ಬೆಳೆಸಬೇಡಿ. ಕಿಟಕಿಯ ಹತ್ತಿರವೂ ಬೇಡ. ಗ್ರೋ ಲೈಟ್ ಕೆಳಗೂ ಬೇಡ.

ಅಕ್ಟೋಬರಿನಲ್ಲಿ ತುಳಸಿ, ಕರಿಬೇವು, ಮಲ್ಲಿಗೆ ಕುಂಡಗಳನ್ನು ಒಳಗೆ ತರುವಾಗ ಇದನ್ನೂ ಸಾಲಿನಲ್ಲಿ ತರಬೇಡಿ. ನಮ್ಮ ಮನೆಗಳಲ್ಲಿ ಮೇಪಲ್ ಸಾಯುವುದು ಈ ಪ್ರೀತಿಯಿಂದಲೇ. ತುಳಸಿಗೆ ಆ ಚಳಿ ಸಾವು. ಮೇಪಲ್‌ಗೆ ಆ ಚಳಿಯೇ ಬೇಕು: ವರ್ಷಕ್ಕೆ ಹಲವು ವಾರ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ.

ನನ್ನ ಮೊದಲ ಗಿಡವನ್ನು ನಾನು ಹೀಗೆಯೇ ಕೊಂದೆ. ನವೆಂಬರಿನಲ್ಲಿ ಹೀಟರ್ ಪಕ್ಕದ ಕಿಟಕಿಗೆ ತಂದಿಟ್ಟೆ. ಜನವರಿಯಲ್ಲಿ ಚಿಗುರೊಡೆಯಿತು, ಖುಷಿಪಟ್ಟೆ. ಎಲೆ ಕಾಗದದಷ್ಟು ತೆಳು, ಬಣ್ಣ ಬಿಳಿಚು, ತೊಟ್ಟು ಉದ್ದ. ಮಾರ್ಚಿಗೆ ಒಂದೊಂದಾಗಿ ಮುದುಡಿದವು. ಉಗುರಿನಿಂದ ಕೆರೆದರೆ ಬುಡದವರೆಗೂ ಕಂದು.

ಬಾನ್ಸಾಯ್ ಎಂದರೆ ಟೀಪಾಯ್ ಮೇಲಿನ ಅಲಂಕಾರ ಎಂಬ ಮಾತನ್ನು ನಂಬಬೇಡಿ. ಟೋಕಿಯೊದ ಬೆಳೆಗಾರರು 1923ರ ಭೂಕಂಪದ ನಂತರ ಗಾಳಿ, ನೀರು, ಬಯಲು ಹುಡುಕಿಕೊಂಡು ಹೋಗಿ 1925ರಲ್ಲಿ ಓಮಿಯಾದ ಬಾನ್ಸಾಯ್ ಊರನ್ನು ಕಟ್ಟಿದರು. ಅಲ್ಲಿ ಮೇಪಲ್ ನಿಲ್ಲುವುದು ಹೊರಗೆ, ಮರದ ಹಲಗೆಯ ಮೇಲೆ. ಒಳಗೆ ಬರುವುದು ಅತಿಥಿಯಂತೆ, ಸ್ವಲ್ಪ ಹೊತ್ತಿಗೆ. ಅಷ್ಟು ದೂರ ಹೋಗಬೇಕಿಲ್ಲ: ವಾಷಿಂಗ್ಟನ್ನಿನ ನ್ಯಾಷನಲ್ ಆರ್ಬೊರೇಟಂನಲ್ಲಿ ಬಾನ್ಸಾಯ್ ಸಂಗ್ರಹಾಲಯ ಇದೆ. 1976ರಲ್ಲಿ ಜಪಾನ್ ಕೊಟ್ಟ 53 ಗಿಡಗಳಿಂದ ಶುರುವಾದದ್ದು. ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಿ, ಗಿಡಗಳು ಎಲ್ಲಿ ನಿಂತಿವೆ ಎಂದು.

ಹಬ್ಬಕ್ಕೋ ಅತಿಥಿಗಳಿಗೋ ಒಳಗೆ ತಂದರೆ ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಚಳಿಗಾಲದಲ್ಲಿ ಅದೂ ಬೇಡ.

ನೀರು

ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ.

ಗುಟುಕು ಗುಟುಕಾಗಿ ಹಾಕಬೇಡಿ. ಮೇಲಿನ ಅರ್ಧ ಅಂಗುಲ ಒದ್ದೆ, ಕೆಳಗಿನ ಬೇರು ಒಣ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬಾರದು.

ಎಲೆ ಸುಟ್ಟಿದೆ ಎಂದು ನೀರು ಹೆಚ್ಚಿಸಬೇಡಿ. ನೆರಳಿಗೆ ಸರಿಸಿ, ಮಣ್ಣು ನೋಡಿ ಹಾಕಿ.

ಸಾಫ್ಟನರ್ ಮೂಲಕ ಬಂದ ನೀರು ಹಾಕಬಾರದು. ಅದರಲ್ಲಿ ಸೋಡಿಯಂ ಇರುತ್ತದೆ.

ಅಕ್ಕಿ ತೊಳೆದ ನೀರು ಬೇಡ. ಮಜ್ಜಿಗೆ ಬೇಡ. ಚಹಾದ ಚರಟ, ಕಾಫಿ ಚರಟ, ಮೊಟ್ಟೆಯ ಸಿಪ್ಪೆ ಬೇಡ. ಹಿತ್ತಲಿನ ಕರಿಬೇವಿಗೆ ಒಗ್ಗಿದ್ದು ಅಂಗೈಯಗಲದ ಕುಂಡಕ್ಕೆ ಒಗ್ಗದು. ಹರಳಿನ ಸಂದು ಮುಚ್ಚಿ ಬೇರು ಕೊಳೆಯುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇದನ್ನು ಮೊದಲ ವಾರವೇ ತಿಳಿಸಿ. ಅವರು ಗಿಡವನ್ನು ಸುಮ್ಮನೆ ಬಿಡುವವರಲ್ಲ.

ಚಳಿಗಾಲ

ಎಲೆ ಉದುರಿತೆಂದು ಗೊಬ್ಬರ ಹಾಕಬೇಡಿ.

ಕುಂಡವನ್ನು ಡೆಕ್‌ನ ರೇಲಿಂಗ್ ಮೇಲೆ ಬಿಟ್ಟು ಜನವರಿ ಕಳೆಯಲು ಬಿಡಬಾರದು.

ನಿದ್ದೆಯಲ್ಲಿರುವ ಗಿಡವನ್ನು ಫೆಬ್ರವರಿಯ ಒಂದು ಬೆಚ್ಚನೆಯ ದಿನ ಬಿಸಿಲಿಗೆ ತಂದು ಎಬ್ಬಿಸಬೇಡಿ. ಮುಂದಿನ ಹಿಮ ಚಿಗುರನ್ನು ಸುಡುತ್ತದೆ.

ಎಲೆ ಇಲ್ಲದ ಗಿಡಕ್ಕೆ ಬೆಳಕು ಬೇಕೆಂದು ಚಿಂತಿಸಬೇಡಿ. ಬೇಕಿಲ್ಲ.

ಹೆಪ್ಪುಗಟ್ಟಿದ ಕುಂಡಕ್ಕೆ ಬಿಸಿನೀರು ಹಾಕಬಾರದು.

ಕೈಚಳಕ ತೋರಿಸುವುದು

ಮೊದಲ ವರ್ಷ ಕುಂಡ ಬದಲಿಸಬೇಡಿ. ತೂತಿಲ್ಲದ ಕುಂಡ ಮಾತ್ರ ಇದಕ್ಕೆ ಹೊರತು.

ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಕತ್ತರಿಸಬಾರದು.

ಬೇರು, ದಪ್ಪ ಕೊಂಬೆ, ತಂತಿ ಮೂರನ್ನೂ ಒಂದೇ ಋತುವಿನಲ್ಲಿ ಮಾಡಬಾರದು.

ಹಿತ್ತಲಿನ ಮಣ್ಣು ತುಂಬಬೇಡಿ. ಕುಂಡದಲ್ಲಿ ಅದು ಇಟ್ಟಿಗೆಯಾಗುತ್ತದೆ.

ಎಳೆಯ ಗಿಡದ ಎಲೆಗಳನ್ನು ಪೂರ್ತಿ ಬೋಳಿಸಬೇಡಿ. ಅದು ಬಲಿತ ಮರಕ್ಕೆ ಬಲ್ಲವರು ಮಾಡುವ ಕೆಲಸ.

ಚಳಿಗಾಲದ ಕೊನೆಯಲ್ಲಿ ದಪ್ಪ ಕೊಂಬೆ ಕಡಿಯಬೇಡಿ. ರಸ ದಿನಗಟ್ಟಲೆ ಸೋರುತ್ತದೆ.

ತಂತಿಯನ್ನು ಸುರುಳಿ ಬಿಚ್ಚಿ ಎಳೆಯಬೇಡಿ. ಎಳೆಮೊಗ್ಗು ಮುರಿದು ಕೈಗೆ ಬರುತ್ತದೆ.

ತಂತಿಯನ್ನು ಮರೆಯಬೇಡಿ. ಮೇಪಲ್‌ನ ತೊಗಟೆ ಮೆದು, ಬೆಳೆಯುವ ಕಾಲದಲ್ಲಿ ಕೆಲವೇ ವಾರಕ್ಕೆ ಕೊರೆದುಬಿಡುತ್ತದೆ. ಆ ಸುರುಳಿ ಗಾಯ ವರ್ಷಗಟ್ಟಲೆ ಕಾಣುತ್ತದೆ.

ಕುಂಡ ಬದಲಿಸಿದ ಮೇಲೆ ಆರು ವಾರ ಗೊಬ್ಬರ ಬೇಡ.

ಒಣಗಿದ ಮಣ್ಣಿಗೆ ಗೊಬ್ಬರ ಬೇಡ. ಸೊರಗಿದ ಗಿಡಕ್ಕೆ ಗೊಬ್ಬರ ಬೇಡ.

ಬಿಸಿಲಿನಲ್ಲಿ ಬೇವಿನ ಎಣ್ಣೆ ಸಿಂಪಡಿಸಬೇಡಿ. ಎಲೆ ಸುಡುತ್ತದೆ.

ರೋಗ ಬಂದ ಗಿಡದ ಮಣ್ಣನ್ನು ಇನ್ನೊಂದಕ್ಕೆ ಹಾಕಬಾರದು. ಗೊಬ್ಬರದ ಗುಂಡಿಗೂ ಹಾಕಬಾರದು.

ಊರಿಗೆ ಒಯ್ಯುವುದು, ಊರಿನಲ್ಲಿ ಬೆಳೆಸುವುದು

ಸೂಟ್‌ಕೇಸಿನಲ್ಲಿ ಗಿಡ ಒಯ್ಯಬೇಡಿ. ಭಾರತಕ್ಕೆ ಜೀವಂತ ಗಿಡ ತರಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳಬಹುದು.

ಬೆಂಗಳೂರಿನ ಬಾಲ್ಕನಿಗೆ ಜಪಾನೀಸ್ ಮೇಪಲ್ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ ಒಮ್ಮೆ. ಮೇಪಲ್ ಕೇಳುವ ಚಳಿ ಅದಕ್ಕಿಂತಲೂ ಕೆಳಗೆ, ಅದೂ ವಾರಗಟ್ಟಲೆ. ಒಂದೆರಡು ವರ್ಷ ಎಳೆದುಕೊಂಡು ಹೋಗಿ ಗಿಡ ಸಾಯುತ್ತದೆ.

ಫ್ರಿಜ್‌ನಲ್ಲಿಟ್ಟು ಚಳಿಗಾಲ ಮಾಡಿಸುವ ಸಾಹಸ ಹೊಸಬರಿಗೆ ಬೇಡ.

ಆನ್‌ಲೈನ್‌ನಲ್ಲಿ ನೀಲಿ ಎಲೆಯ ಮೇಪಲ್ ಬೀಜ ಕೊಳ್ಳಬೇಡಿ. ನೀಲಿ ಎಲೆಯ ಜಪಾನೀಸ್ ಮೇಪಲ್ ಇಲ್ಲ.

ಬೆಂಗಳೂರು, ಮೈಸೂರಿನಲ್ಲಿರುವವರು ಆಲ, ಅರಳಿ, ಹುಣಸೆ, ಬೋಗನ್‌ವಿಲ್ಲಾ ಹಿಡಿಯಿರಿ. ಲಾಲ್‌ಬಾಗಿನ ಬಾನ್ಸಾಯ್ ತೋಟಕ್ಕೆ ಹೋಗಿ, ಅಲ್ಲಿನ ಹವೆಯಲ್ಲಿ ಏನು ಬದುಕಿದೆ ಎಂದು ಕಣ್ಣಾರೆ ನೋಡಿ ಆರಿಸಿ.

ಸತ್ತಿತೆಂದು ಎಸೆಯುವುದು

ಏಪ್ರಿಲ್ ಕಳೆದರೂ ಚಿಗುರಲಿಲ್ಲವೆಂದು ಗಿಡವನ್ನು ಎಸೆಯಬೇಡಿ.

ಮೊದಲು ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಎಳ್ಳಿನಷ್ಟು ಕೆರೆಯಿರಿ. ಒಣಗಿ ಕಂದಾಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ. ಕೊನೆಗೆ ಬುಡದ ಹತ್ತಿರ.

ಎಲ್ಲಿಯಾದರೂ ಒದ್ದೆ ಹಸಿರು ಕಂಡರೆ ನೆರಳಿನಲ್ಲಿಟ್ಟು, ಮಣ್ಣು ಹದವಾಗಿ ತೇವ ಇರಿಸಿ, ಜೂನ್ ಮುಗಿಯುವವರೆಗೆ ಕಾಯಿರಿ. ಹಸಿರು ಇರುವಷ್ಟು ದಿನ ಗಿಡ ಬದುಕಿದೆ.